ಮೊದಲು ಬಾಗಿ, ಆಮೇಲೆ ಬೆರಗಾಗಿ

ಜಪಾನಿನ ಸೈತಾಮಾ ಪ್ರಾಂತ್ಯದ ಯೋಶಿಮಿಯಲ್ಲಿ ಒಂದು ಗುಡ್ಡವಿದೆ, ಮೈತುಂಬ ತೂತು. ಆರು–ಏಳನೇ ಶತಮಾನಗಳಲ್ಲಿ ಬಂಡೆ ಕೊರೆದು ಮಾಡಿದ ಗೋರಿಗಳವು. ಈಗ 219 ಉಳಿದಿವೆ. ಟೋಕಿಯೊದ ಇಕೆಬುಕುರೊದಿಂದ ತೋಬು ತೋಜೊ ರೈಲು ಮಾರ್ಗದಲ್ಲಿ ಸುಮಾರು ಒಂದು ಗಂಟೆ. ಹಿಗಾಶಿ ಮತ್ಸುಯಾಮಾದಲ್ಲಿ ಇಳಿದು ಬಸ್ಸು ಹಿಡಿಯಬೇಕು. ಜೇಬಿನಲ್ಲಿ ಚಿಲ್ಲರೆ ಇರಲಿ. ಹತ್ತು ಸಾವಿರ ಯೆನ್ ನೋಟು ಹಿಡಿದು ಬಸ್ಸಿನ ಬಾಗಿಲಲ್ಲಿ ನಿಂತವರಿಗೆ ಗೋರಿ ಅಲ್ಲೇ ಸಿಕ್ಕಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ.

ಗೋರಿಯ ಬಾಯಿ ಸುಮಾರು ಒಂದು ಮೀಟರ್. ಒಳಗೆ ಹೆಣ ಇಡಲು ನೆಲಕ್ಕಿಂತ ತುಸು ಎತ್ತರದ ಜಗಲಿ, ಕೆಲವದರಲ್ಲಿ ಎರಡು. ಎಲ್ಲ ಅಳತೆಯೂ ಮಲಗಿದವರದು, ನಿಂತವರ ಗೋಜೇ ಇಲ್ಲ. ಒಳಹೋಗುವಾಗ ಎಲ್ಲರೂ ಬಗ್ಗುತ್ತಾರೆ. ಪೆಟ್ಟು ಬೀಳುವುದು ಹೊರಬರುವಾಗ: ಕಣ್ಣು ಬೆಳಕಿನ ಕಡೆ, ಕಾಲು ಅವಸರದಲ್ಲಿ, ತಲೆ ಚಾವಣಿಗೆ. ಬೆನ್ನಿನ ಚೀಲವನ್ನು ಹೊರಗೇ ಇಳಿಸಿ. ಇಲ್ಲದಿದ್ದರೆ ನೀವು ಬಗ್ಗಿದರೂ ಅದು ಬಗ್ಗುವುದಿಲ್ಲ. ಕಲ್ಲು ಜ್ವಾಲಾಮುಖಿಯ ಬೂದಿ ಬೆರೆತ ಮೆತ್ತನೆಯ ಮರಳುಗಲ್ಲು. ಕೊರೆಯುವವರಿಗೆ ಅದೇ ಅನುಕೂಲ. ಆದರೆ ತಲೆಗೆ ಮೆತ್ತಗಲ್ಲ, ಮಳೆ ಬಂದರೆ ಚಪ್ಪಲಿಗೂ ದಯೆ ತೋರದು. ಹಿಡಿತವಿರುವ ಬೂಟು ಹಾಕಿ.

1887ರಲ್ಲಿ ಇಲ್ಲಿ ಅಗೆದ ಮಾನವಶಾಸ್ತ್ರಜ್ಞ ತ್ಸುಬೊಯ್ ಶೋಗೊರೊ, ಇವು ಮೊದಲು ಕುಳ್ಳ ಜನರ ಮನೆಗಳಾಗಿದ್ದವು ಎಂದು ವಾದಿಸಿದರು. ಆ ವಾದ ಮುಂದೆ ಬಿದ್ದುಹೋಯಿತು. ಆದರೂ ನೆತ್ತಿ ಸವರಿಕೊಳ್ಳುತ್ತ ಹೊರಬರುವವರು ಈಗಲೂ ಒಂದು ಕ್ಷಣ ಅವರ ಪಕ್ಷ ಸೇರಿಬಿಡುತ್ತಾರೆ.

ಗುಡ್ಡದ ಬುಡದಲ್ಲಿ ಕಾಣುವ ದೊಡ್ಡ ಬಾಯಿಗಳ ಮುಂದೆ ಆರಾಮಾಗಿ ನಿಂತು ಫೋಟೊ ತೆಗೆದು 'ಪ್ರಾಚೀನ ಸಮಾಧಿ' ಎಂದು ಹಾಕುವವರೂ ಇದ್ದಾರೆ. ಅದು ಎರಡನೇ ಮಹಾಯುದ್ಧದ ಕೊನೆಯಲ್ಲಿ ವಿಮಾನದ ಎಂಜಿನ್ ಭಾಗಗಳಿಗಾಗಿ ತೋಡಿದ ಕಾರ್ಖಾನೆ. ತೋಡಿದವರಲ್ಲಿ ಬಹಳ ಮಂದಿ ಕೊರಿಯಾದ ಕೂಲಿಗಳು. ಕೆಲವು ಗೋರಿಗಳೂ ಆಗಲೇ ನಾಶವಾದವು. ನೆಟ್ಟಗೆ ನಿಲ್ಲಲು ಆಗುತ್ತಿದೆಯೆಂದರೆ ಬಹುಶಃ ಅದು ಗೋರಿಯಲ್ಲ.

ಇನ್ನು ಕೆಲವು ಗೋರಿಗಳೊಳಗೆ ಬೆಳೆದಿರುವ ಹೊಳೆಯುವ ಪಾಚಿ. ಕಂಬಿಯ ಹಿಂದಿನ ಕತ್ತಲಲ್ಲಿ ಹಸಿರು ಮಿನುಗು ಕಾಣಬೇಕು, ಆದರೆ ಬಹಳ ಮಂದಿಗೆ ಕಾಣುವುದು ಬರೀ ಮಣ್ಣು. ಪಾಚಿಗೆ ಸ್ವಂತ ಬೆಳಕಿಲ್ಲ. ಮಸೂರದಂಥ ಅದರ ಜೀವಕೋಶಗಳು ಹೊರಗಿನ ಬೆಳಕನ್ನು ಬಂದ ದಿಕ್ಕಿಗೇ ಹಿಂತಿರುಗಿಸುತ್ತವೆ. ಹಾಗಾಗಿ ಬೆಳಕು ಬರುವ ಕಡೆಯಿಂದಲೇ ನೋಡಬೇಕು, ಆದರೆ ಆ ಬೆಳಕಿಗೆ ನಿಮ್ಮ ತಲೆಯೇ ಅಡ್ಡ ಬರಬಾರದು. ಆಸೆಯಿಂದ ಕಂಬಿಗೆ ಮುಖ ಒತ್ತಿದಷ್ಟೂ ಕತ್ತಲೆ. ಎರಡು ಹೆಜ್ಜೆ ಹಿಂದೆ ಸರಿದು, ತುಸು ಕುಕ್ಕರುಗಾಲಲ್ಲಿ ಕೂತು, ಕತ್ತನ್ನು ಅತ್ತಿತ್ತ ಆಡಿಸಿ. ನೋಡುವವರಿಗೆ ವಿಚಿತ್ರವಾಗಿ ಕಂಡೀತು. ಅವರೂ ಸ್ವಲ್ಪ ಹೊತ್ತಿಗೆ ಅದನ್ನೇ ಮಾಡುತ್ತಾರೆ.