ನನ್ನ ಮಕ್ಕಳ ಮುಂದೆ "ಅಯ್ಯೋ ಪಾಪ" ಅನ್ನಬೇಡಿ

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಉದ್ದ ಆಗುತ್ತದೆ, ಪುರುಸೊತ್ತಿದ್ದವರು ಓದಿ.

ಇವತ್ತು ಸಂಜೆ ಊರಿನಿಂದ ನಮ್ಮ ಹಿರಿಯರೊಬ್ಬರು ವಿಡಿಯೋ ಕಾಲ್ ಮಾಡಿದ್ದರು. ಎಳ್ಳ ಅಮಾವಾಸ್ಯೆಗೆ ಪಕ್ಕದ ಮನೆಯವರ ಜೊತೆ ಹೊಲಕ್ಕೆ ಹೋಗಿ ಬಂದ ಮಗಳು ಅದನ್ನೆಲ್ಲ ಹೇಳಬೇಕು ಅಂತ ಫೋನ್ ಕಿತ್ತುಕೊಂಡು ಕೂತಿದ್ದಳು. ಬಾಯಿ ತೆರೆಯುವಷ್ಟರಲ್ಲಿ ಆ ಕಡೆಯಿಂದ, "ಅಯ್ಯೋ, ಎಷ್ಟು ಕಪ್ಪಾಗಿದ್ದೀಯೇ ಪುಟ್ಟಿ! ಎಂಥಾ ಊರಿಗೆ ಹೋಗಿ ಸಿಕ್ಕಿಹಾಕಿಕೊಂಡ್ರೋ ಏನೋ, ಪಾಪ." ಅವಳು ಸ್ಕ್ರೀನಿನ ಮೂಲೆಯಲ್ಲಿ ಕಾಣುತ್ತಿದ್ದ ತನ್ನದೇ ಮುಖ ನೋಡಿಕೊಂಡಳು. ಫೋನ್ ತಮ್ಮನ ಕೈಗೆ ಕೊಟ್ಟು ಒಳಗೆ ಹೋದಳು. ಹೊಲದ ಸುದ್ದಿ ಅಲ್ಲಿಗೇ ನಿಂತಿತು.

ನಿಮಗೆಲ್ಲ ಗೊತ್ತೇ ಇದೆ, ಹೋದ ಮೇ ತಿಂಗಳಲ್ಲಿ ನನಗೆ ಬ್ಯಾಂಕಿನಲ್ಲಿ ಪ್ರಮೋಷನ್ ಆಗಿ ಸಾಗರದಿಂದ ಕಲಬುರಗಿಗೆ ವರ್ಗ ಆಯಿತು. ಪರೀಕ್ಷೆ ಬರೆದು, ಇಂಟರ್‌ವ್ಯೂ ಕೊಟ್ಟು ತೆಗೆದುಕೊಂಡ ಪ್ರಮೋಷನ್ ಅದು. ಯಾರೂ ನನ್ನನ್ನು ತಪ್ಪು ಮಾಡಿದಳು ಅಂತ ಎತ್ತಂಗಡಿ ಮಾಡಿದ್ದಲ್ಲ. ಯಜಮಾನರದ್ದು ಲೆಕ್ಕಪತ್ರದ ಕೆಲಸ, ಲ್ಯಾಪ್‌ಟಾಪ್ ಇದ್ದಲ್ಲಿ ಆಫೀಸು. ಹಾಗಾಗಿ ಎಲ್ಲರೂ ಒಟ್ಟಿಗೇ ಹೋಗೋಣ ಅಂತ ಮನೆಯಲ್ಲಿ ಕೂತು ಮಾತಾಡಿಯೇ ತೀರ್ಮಾನ ಮಾಡಿದ್ದು. ಎಪ್ಪತ್ತು ದಾಟಿದ ಅತ್ತೆಯೂ "ನಾನೊಬ್ಬಳೇ ಇಲ್ಲಿ ಕೂತು ಏನು ಮಾಡಲಿ" ಅಂತ ಹೊರಟರು. ಉಪ್ಪಿನಕಾಯಿ ಜಾಡಿ, ದೇವರ ಪೆಟ್ಟಿಗೆ, ಒಂದು ಕುಂಡದಲ್ಲಿ ಒಂದೆಲಗದ ಬಳ್ಳಿ. ಇಷ್ಟು ಅವರ ಸಾಮಾನು.

ಅವತ್ತಿನಿಂದ ಶುರುವಾದ ಕನಿಕರ ಇನ್ನೂ ನಿಂತಿಲ್ಲ. ಆರ್ಡರ್ ಬಂದ ದಿನವೇ "ಅಯ್ಯೋ, ಗುಲ್ಬರ್ಗಾನಾ? ಕ್ಯಾನ್ಸಲ್ ಮಾಡಿಸೋಕೆ ಯಾರನ್ನಾದರೂ ಹಿಡಿಯಬಾರದಾ" ಅಂದವರಿದ್ದಾರೆ. ಲಾರಿಗೆ ಸಾಮಾನು ಹೇರುವಾಗ "ಎಲ್ಲ ಬಿಚ್ಚಬೇಡಿ, ಎರಡು ವರ್ಷಕ್ಕೆ ವಾಪಸ್ ಬರೋದೇ ಅಲ್ವಾ" ಅಂದವರಿದ್ದಾರೆ. ಈಗಲೂ ಪ್ರತಿ ಫೋನಿನಲ್ಲಿ ಮೊದಲ ಮಾತು ಬಿಸಿಲಿನದ್ದು, ಎರಡನೆಯದ್ದು "ಯಾವಾಗ ಈ ಕಡೆ ಹಾಕಿಸಿಕೊಳ್ತೀಯಾ". ನಡುವೆ ಮಕ್ಕಳ ಶಾಲೆ ಹೇಗಿದೆ, ಸ್ನೇಹಿತರು ಸಿಕ್ಕರಾ, ಅತ್ತೆಗೆ ಹೊತ್ತು ಹೋಗುತ್ತದಾ ಅಂತ ಕೇಳಿದವರನ್ನು ಬೆರಳಲ್ಲಿ ಎಣಿಸಬಹುದು.

ಬಿಸಿಲು ಇಲ್ಲ ಅಂತ ನಾನು ಹೇಳುತ್ತಿಲ್ಲ. ನಾವು ಬಂದಿಳಿದಾಗ 42 ಡಿಗ್ರಿ ದಾಟಿತ್ತು. ಮಧ್ಯಾಹ್ನ ಬಾಗಿಲು ತೆಗೆದರೆ ಒಲೆ ಮುಂದೆ ಮುಖ ಇಟ್ಟ ಹಾಗೆ ಆಗುತ್ತಿತ್ತು. ನಲ್ಲಿ ನೀರು ಬರುವ ದಿನಕ್ಕಾಗಿ ಕಾಯಬೇಕು, ಬೋರಿನ ನೀರು ಗಡಸು, ತಲೆಗೂದಲು ನಾರಿನಂತೆ ಆಯಿತು. ಇದೆಲ್ಲ ನಿಜ. ಆದರೆ ಇಲ್ಲಿಯ ಜನ ಈ ಬಿಸಿಲಿನ ಜೊತೆ ಹೇಗೆ ಬದುಕಬೇಕು ಅಂತ ಕಲಿತು ಎಷ್ಟೋ ಕಾಲ ಆಗಿದೆ. ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1.30ಕ್ಕೆ ಮುಗಿಯುತ್ತವೆ. ಪೇಟೆ ಸಂಜೆಯಾದ ಮೇಲೆ ಎದ್ದು ಕೂರುತ್ತದೆ. ನಮ್ಮ ಬಾಡಿಗೆ ಮನೆಗೆ ಹಾಕಿರುವುದು ಶಹಾಬಾದಿನ ಫರಸಿ. ಆ ಬೂದು ಕಲ್ಲಿನ ಮೇಲೆ ನೀರು ಚಿಮುಕಿಸಿ, ಕೂಲರ್ ಹಾಕಿ, ಚಾಪೆ ಕೂಡ ಇಲ್ಲದೆ ಮಕ್ಕಳಿಬ್ಬರೂ ಉದ್ದಕ್ಕೆ ಮಲಗಿಬಿಡುತ್ತಿದ್ದರು. ಇದನ್ನು ಹೇಳಿಕೊಟ್ಟವರು ಮನೆ ಮಾಲೀಕರ ತಾಯಿ. ಬಂದ ಮೊದಲ ದಿನವೇ ಬಂದು, ಯಾವ ಕಿಟಕಿ ಎಷ್ಟು ಹೊತ್ತಿಗೆ ಮುಚ್ಚಬೇಕು, ಯಾವುದನ್ನು ರಾತ್ರಿ ತೆಗೆದಿಡಬೇಕು ಅಂತ ಒಂದೊಂದಾಗಿ ತೋರಿಸಿ ಹೋದರು. ಕನಿಕರ ತೋರಿಸಲಿಲ್ಲ. ಕಿಟಕಿ ತೋರಿಸಿದರು. ನನಗೆ ಅವತ್ತು ಬೇಕಾಗಿದ್ದದ್ದು ಅದೇ.

ಒಂದು ವಿಷಯ ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ, ಮನೆಯಲ್ಲೂ ಹೇಳಿಲ್ಲ. ಮೊದಲ ಕೆಲವು ವಾರ ರಾತ್ರಿ ಎಲ್ಲರೂ ಮಲಗಿದ ಮೇಲೆ ಟೆರೇಸಿಗೆ ಹೋಗಿ ಅತ್ತಿದ್ದೇನೆ. ಬಿಸಿಲಿಗಲ್ಲ. ಬ್ಯಾಂಕಿನ ಕೆಲಸಕ್ಕೂ ಅಲ್ಲ. ಹಗಲೆಲ್ಲ ಬಂದ ಫೋನುಗಳಿಗೆ. "ನಿನ್ನ ಪ್ರಮೋಷನ್‌ಗೋಸ್ಕರ ಎಲ್ಲರನ್ನೂ ಎಳಕೊಂಡು ಹೋದೆ ಅಲ್ವಾ" ಅಂತ ನಗುನಗುತ್ತ ಒಬ್ಬರು ಅಂದಿದ್ದರು. ಯಜಮಾನರಿಗೆ ಹೀಗೆ ವರ್ಗ ಆಗಿ ನಾನು ಹಿಂದೆ ಹೋಗಿದ್ದರೆ ಅವರಿಗೆ ಈ ಮಾತು ಯಾರಾದರೂ ಹೇಳುತ್ತಿದ್ದರಾ? ಖಂಡಿತ ಇಲ್ಲ. ಸಂಸಾರ ಅಂದಮೇಲೆ ಗಂಡ ಇದ್ದಲ್ಲಿಗೆ ಹೋಗಬೇಕು ಅಂತ ನಾಲ್ಕು ಬುದ್ಧಿಮಾತು ನನಗೇ ಸಿಗುತ್ತಿತ್ತು. ಇರಲಿ. ಅದಕ್ಕೆ ಬೇರೆಯೇ ಬರೆಯಬೇಕು.

ಅತ್ತೆಯ ವಿಷಯ ಹೇಳಲೇಬೇಕು, ಯಾಕೆಂದರೆ ಎಲ್ಲರೂ ಹೆಚ್ಚು ಮರುಗಿದ್ದು ಅವರಿಗಾಗಿ. "ಈ ವಯಸ್ಸಲ್ಲಿ ಮುದುಕಿಯನ್ನು..." ಅಂತ. ಮೊದಲ ತಿಂಗಳು ಅವರು ಸಪ್ಪಗೇ ಇದ್ದರು, ನಿಜ. ಆಮೇಲೆ ಒಂದು ದಿನ ಪಕ್ಕದ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳಿ, ನೋಡಿಕೊಂಡು ಬರುತ್ತೇನೆ ಅಂತ ಹೋದವರು ಒಂದೂವರೆ ಗಂಟೆ ಬರಲಿಲ್ಲ. ನಾನೂ ಹುಡುಕಿಕೊಂಡು ಹೋದೆ. ಇಬ್ಬರೂ ನೆಲದ ಮೇಲೆ ಕೂತಿದ್ದರು. ಆ ಅವ್ವ ಜೋಳದ ಹಿಟ್ಟಿಗೆ ಕುದಿಯುವ ಎಸರು ಹಾಕಿ, ಅಂಗೈಯಿಂದ ಒತ್ತಿ ಒತ್ತಿ ನಾದಿ, ಉಂಡೆಯನ್ನು ಒಣ ಹಿಟ್ಟಿನ ಮೇಲಿಟ್ಟು ಬಡಿಯುತ್ತಿದ್ದರು. ಬಡಿಯುತ್ತಲೇ ರೊಟ್ಟಿ ತಾನೇ ತಿರುಗುತ್ತದೆ, ಅಂಚು ಎಲ್ಲೂ ಒಡೆಯುವುದಿಲ್ಲ. ಹಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ಮೇಲ್ಭಾಗ ಸವರುತ್ತಾರೆ, ನೀರು ಆರುವುದಕ್ಕೂ ತಿರುವಿ ಹಾಕುವುದಕ್ಕೂ ಸರಿಹೋಗಬೇಕು, ಆಮೇಲೆ ಬೆಂಕಿಯ ಮೇಲೆ ಪುಸ್ಸೆಂದು ಉಬ್ಬುತ್ತದೆ. ಅತ್ತೆ ಹಂಚಿನಿಂದ ಕಣ್ಣು ತೆಗೆದಿರಲಿಲ್ಲ. ಈಗ ಅವರ ರೊಟ್ಟಿಯೂ ಉಬ್ಬುತ್ತದೆ.

ಅವ್ವನ ಮನೆಯಿಂದ ಪುಂಡಿ ಪಲ್ಯ, ಶೇಂಗಾ ಹಿಂಡಿ ಬರುತ್ತದೆ. ನಮ್ಮ ಮನೆಯಿಂದ ಒಂದೆಲಗದ ತಂಬುಳಿ ಹೋಗುತ್ತದೆ. ಹ್ಞಾಂ, ಬಳ್ಳಿ ಬದುಕಿದೆ. ಪಾತ್ರೆ ತೊಳೆಯುವ ಮೊದಲು ಅಕ್ಕಿ ತೊಳೆದ ನೀರೆಲ್ಲ ಅದಕ್ಕೇ ಹಾಕಿ ಹಾಕಿ, ನೆರಳಲ್ಲಿ ಇಟ್ಟು ಅತ್ತೆ ಉಳಿಸಿಕೊಂಡರು. ಈಗ ಅದರ ಒಂದು ಬೇರು ಅವ್ವನ ಮನೆಯ ಹಳೇ ಬಕೆಟ್ಟಿನಲ್ಲೂ ಇದೆ. ಸಂಜೆ ಇಬ್ಬರೂ ಶರಣಬಸವೇಶ್ವರ ಗುಡಿಗೆ ಆಟೋ ಮಾಡಿಕೊಂಡು ಹೋಗುತ್ತಾರೆ, ಬರುತ್ತ ಅಪ್ಪನ ಕೆರೆ ದಂಡೆಯಲ್ಲಿ ಕೂತು ಬರುತ್ತಾರೆ. ಸಾಗರದಲ್ಲಿ ಮಂಡಿನೋವು ಅಂತ ಗೇಟು ದಾಟದ ಅತ್ತೆ ಇವರು. ಇದನ್ನು ಫೋನಿನಲ್ಲಿ ಹೇಳಿದರೆ "ಹೊಂದಿಕೊಂಡಿದ್ದಾರೆ ಪಾಪ" ಅಂತಾರೆ. ಅಲ್ಲೂ ಒಂದು ಪಾಪ!

ಮಗಳ ಶಾಲೆಯಲ್ಲಿ ಸೆಪ್ಟೆಂಬರ್ 17ಕ್ಕೆ ಧ್ವಜ ಹಾರಿಸಿದರು. ಆಗಸ್ಟ್ 15 ಆಗಿ ಒಂದು ತಿಂಗಳಿಗೆ ಮತ್ತೆ ಯಾಕೆ ಅಂತ ಅವಳು ಕೇಳಿಕೊಂಡು ಬಂದು, ಊಟಕ್ಕೆ ಕೂತಾಗ ನಮಗೆ ಹೇಳಿದಳು. ದೇಶಕ್ಕೆಲ್ಲ 1947ರಲ್ಲಿ ಸ್ವಾತಂತ್ರ್ಯ ಬಂದರೂ ಇಲ್ಲಿ ನಿಜಾಮನ ಆಳ್ವಿಕೆಯೇ ಇತ್ತಂತೆ, ಅವನ ಪರ ನಿಂತ ರಜಾಕಾರರೆಂಬ ಖಾಸಗಿ ಪಡೆಯ ಹಾವಳಿ ಇತ್ತಂತೆ, 1948ರ ಸೆಪ್ಟೆಂಬರಿನಲ್ಲಿ ಸೈನ್ಯ ಬಂದ ಮೇಲೆ ಈ ಭಾಗ ಭಾರತಕ್ಕೆ ಸೇರಿತಂತೆ. ಹತ್ತು ವರ್ಷದ ಹುಡುಗಿ ಅನ್ನ ಕಲಸುತ್ತ ಹೇಳಿದಳು. ಮಲೆನಾಡಿನಲ್ಲಿ ಹುಟ್ಟಿ ಬೆಳೆದ ನಮಗೆ ಯಾರೂ ಇಷ್ಟು ಹತ್ತಿರದಿಂದ ಇದನ್ನು ಹೇಳಿರಲಿಲ್ಲ. ಮಗನಿಗೆ ಕೋಟೆಯ ಹುಚ್ಚು. ಅಲ್ಲಿ 29 ಅಡಿ ಉದ್ದದ ತೋಪು ಇದೆ, ಅದರ ಈ ತುದಿಯಿಂದ ಆ ತುದಿಗೆ ಓಡುವುದೇ ಅವನ ಭಾನುವಾರ. ಕೋಟೆಯೊಳಗೆ ಬಹಮನಿ ಕಾಲದ ಜಾಮಿಯಾ ಮಸೀದಿ, 1367ರದ್ದು. ತೆರೆದ ಅಂಗಳವೇ ಇಲ್ಲ, ಇಡೀ ಕಟ್ಟಡಕ್ಕೆ ಗುಮ್ಮಟಗಳ ಸೂರು, ಸಾಲು ಸಾಲು ಕಮಾನು. ಮಧ್ಯಾಹ್ನದ ಹೊತ್ತಲ್ಲೂ ಒಳಗೆ ತಂಪು. ನೃಪತುಂಗನ ರಾಜಧಾನಿ ಮಾನ್ಯಖೇಟ, ಅಂದರೆ ಈಗಿನ ಮಳಖೇಡವೂ ಇದೇ ಜಿಲ್ಲೆಯಲ್ಲಿ, ಕಾಗಿಣಾ ನದಿಯ ದಂಡೆಯಲ್ಲಿದೆ. ನಾನು ಪಠ್ಯಪುಸ್ತಕದಲ್ಲಿ ಬಾಯಿಪಾಠ ಮಾಡಿದ ಮಾನ್ಯಖೇಟಕ್ಕೆ ನನ್ನ ಮಕ್ಕಳು ಬುತ್ತಿ ಕಟ್ಟಿಕೊಂಡು ಹೋಗಿ ಬಂದಿದ್ದಾರೆ. ಈ ಮಕ್ಕಳಿಗೆ ನೀವು ಪಾಪ ಅನ್ನುತ್ತಿದ್ದೀರಿ.

"ಅಲ್ಲಿಯವರೇ ತಮ್ಮದು ಹಿಂದುಳಿದ ಪ್ರದೇಶ ಅಂತಾರಲ್ಲ, ನಾವು ಅಂದರೆ ಏನು ತಪ್ಪು" ಅಂತ ಒಬ್ಬರು ವಾದ ಮಾಡಿದರು. ತಪ್ಪಿದೆ. ಇಲ್ಲಿಯವರು ಕೇಳುತ್ತಿರುವುದು ತಮ್ಮ ಪಾಲು. ವರ್ಷಗಟ್ಟಲೆ ಹೋರಾಟ ಮಾಡಿ, 2012ರ ಕೊನೆಗೆ ಸಂಸತ್ತಿನಲ್ಲಿ ಸಂವಿಧಾನದ 98ನೇ ತಿದ್ದುಪಡಿ ಆಗಿ, 371-ಜೆ ಕಲಂ ಬಂದು, ಓದಿನಲ್ಲಿ, ಕೆಲಸದಲ್ಲಿ ಇಲ್ಲಿಯ ಮಕ್ಕಳಿಗೆ ಮೀಸಲು ಸಿಕ್ಕಿತು. ಹಕ್ಕು ಕೇಳುವವರಿಗೆ ಕನಿಕರ ಕೊಟ್ಟು ಕಳಿಸಬಾರದು. ಮತ್ತೆ, ಆಸ್ಪತ್ರೆಯಲ್ಲಿ ಡಾಕ್ಟರ್ ಇಲ್ಲ, ಶಾಲೆಯಲ್ಲಿ ಮೇಷ್ಟ್ರು ಇಲ್ಲ ಅನ್ನುವ ಮಾತು ಇಲ್ಲಿ ಯಾಕೆ ಮುಗಿಯುವುದಿಲ್ಲ? ಬಂದವರು ಬಂದ ದಿನದಿಂದಲೇ ವಾಪಸ್ ಹೋಗುವ ದಾರಿ ಹುಡುಕುತ್ತಾರೆ, ಅದೂ ಒಂದು ಕಾರಣ. ಸಂಸಾರ ಬೆಂಗಳೂರಿನಲ್ಲಿ, ತಾವು ಇಲ್ಲೊಂದು ರೂಮಿನಲ್ಲಿ, ಶುಕ್ರವಾರ ರಾತ್ರಿ ರೈಲು ಹತ್ತಿದರೆ ಸೋಮವಾರ ಬೆಳಗ್ಗೆ ಇಳಿಯುವುದು. ನಾನು ಇಂಥವರನ್ನು ಬೇಕಾದಷ್ಟು ನೋಡಿದ್ದೇನೆ. ವಯಸ್ಸಾದ ತಂದೆತಾಯಿ, ಕಾಯಿಲೆ, ಮಕ್ಕಳ ಪಿಯುಸಿ ಅಂತ ನಿಜವಾದ ಕಷ್ಟ ಇರುವವರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಎಲ್ಲರಿಗೂ ಆ ಕಷ್ಟ ಇಲ್ಲ. ಬಹಳಷ್ಟು ಜನರಿಗೆ ಹೊರಡುವ ಮೊದಲೇ ಯಾರೋ ತಲೆ ತುಂಬಿ ಕಳಿಸಿರುತ್ತಾರೆ.

ನಮ್ಮ ಬ್ರಾಂಚಿಗೆ ತೊಗರಿ ಬೆಳೆಯುವ ರೈತರೊಬ್ಬರು ಬೆಳೆಸಾಲದ ಕೆಲಸಕ್ಕೆ ಬರುತ್ತಾರೆ. ಪಹಣಿ, ಆಧಾರ್ ಎಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಮಡಚಿ, ಅದನ್ನು ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡಿರುತ್ತಾರೆ. ಮೊದಲ ಸಲ ನನ್ನ ಟೇಬಲ್ ಮುಂದೆ ಕೂತಾಗ ಕವರು ಬಿಚ್ಚಲೇ ಇಲ್ಲ. "ನೀವಾರ ಎಷ್ಟ ದಿನ ಇರ್ತೀರ್ರಿ ಮೇಡಂ?" ಅಂತ ಕೇಳಿದರು. ಹಿಂದಿನವರಿಗೆ ಎಲ್ಲ ಹೇಳಿ, ಕಾಗದ ತೋರಿಸಿ, ಇನ್ನೇನು ಆಗುತ್ತದೆ ಅನ್ನುವಾಗ ಅವರು ವರ್ಗ ಆಗಿ ಹೋಗಿದ್ದರಂತೆ. ಅದಕ್ಕೂ ಹಿಂದಿನವರೂ ಹಾಗೇ. ಇನ್ನೊಮ್ಮೆ ಮೊದಲಿನಿಂದ ಹೇಳಬೇಕಾ ಬೇಡವಾ ಅಂತ ತೂಗಿ ನೋಡುತ್ತಿದ್ದರು ಅವರು. "ಮಕ್ಕಳನ್ನ ಇಲ್ಲೇ ಶಾಲೆಗೆ ಹಾಕೀನಿ" ಅಂದೆ. ಅವರು ನಕ್ಕು ಕವರು ಬಿಚ್ಚಿದರು. ಮಾತು ನೆಟ್ಟಗೆ ಬಂತೋ ಇಲ್ಲವೋ ಗೊತ್ತಿಲ್ಲ, ಅವರಿಗೆ ಅರ್ಥವಾಯಿತು. ನಿಮ್ಮೆಲ್ಲರ ಮನೆಯ ಸಾರಿಗೆ ಬೀಳುವ ಬೇಳೆ ಇಂಥವರ ಹೊಲದ್ದು. ಇಲ್ಲಿಯ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ವಿಶೇಷ ಬೆಳೆ ಅನ್ನುವ ಮಾನ್ಯತೆ ಕೂಡ ಸಿಕ್ಕಿದೆ.

ಈಗ ಮಗಳು ಹೇಳದೆ ಉಳಿಸಿಕೊಂಡ ಹೊಲದ ಸುದ್ದಿ ನಾನೇ ಹೇಳುತ್ತೇನೆ, ಕೇಳಿಸಿಕೊಳ್ಳಿ. ಅವ್ವನ ತಮ್ಮನ ಹೊಲ. ಕಪ್ಪು ಮಣ್ಣು, ಒಂದು ಕಡೆ ಆಳೆತ್ತರ ಬೆಳೆದ ಬಿಳಿಜೋಳ, ಇನ್ನೊಂದು ಕಡೆ ಕಡಲೆ. ಐದು ಕಲ್ಲು ಇಟ್ಟು, ಪಾಂಡವರು ಅಂತ ಪೂಜೆ ಮಾಡಿ, ಹೊಲದ ತುಂಬ ಓಡಾಡಿ ಚರಗ ಚೆಲ್ಲಿದರು, ಅಂದರೆ ನೈವೇದ್ಯದ ಅಡುಗೆಯನ್ನು ಬೆಳೆಯ ಮೇಲೆ ಎರಚಿದರು. ಮಗಳ ಕೈಗೂ ಬುಟ್ಟಿಯಿಂದ ಒಂದು ಹಿಡಿ ತೆಗೆದು ಕೊಟ್ಟರು. "ಭೂಮಿತಾಯಿ ಬಸುರಿ ಇದ್ದಾಳ, ಆಕಿಗಿ ಉಣಸಬೇಕು" ಅಂತ ಅವ್ವ ಅವಳಿಗೆ ಹೇಳಿಕೊಟ್ಟರು. ಆಮೇಲೆ ಎಲ್ಲರೂ ಸುತ್ತ ಕೂತು ಊಟ. ಸಜ್ಜೆ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಅಂಬಲಿ. ಎಲ್ಲಕ್ಕಿಂತ ಮುಖ್ಯ ಭಜ್ಜಿ. ಹಸಿ ಕಡಲೆ, ತೊಗರಿ, ಅವರೆ, ಸಿಕ್ಕ ಸೊಪ್ಪೆಲ್ಲ ಸೇರಿಸಿ, ಹುಣಸೆಹುಳಿ ಹಾಕಿ ಕುದಿಸಿದ ಭಜ್ಜಿ. ಮನೆಯಲ್ಲಿ ಸೊಪ್ಪು ಕಂಡರೆ ತಟ್ಟೆ ದೂಡುವ ನನ್ನ ಮಗ ಎರಡು ಸಲ ಹಾಕಿಸಿಕೊಂಡ. ಜೋಳದ ಸಾಲಿನ ನಡುವೆ ಹತ್ತಾರು ಮಕ್ಕಳು ಕಣ್ಣಾಮುಚ್ಚಾಲೆ ಆಡಿದರು. ಮಗಳು ಮನೆಗೆ ಬಂದಾಗ ಮೈಯೆಲ್ಲ ಮಣ್ಣು, ಫ್ರಾಕಿನ ಜೇಬಿನಲ್ಲಿ ಹಸಿ ಕಡಲೆ. ಅವಳು ಕಪ್ಪಾಗಿರುವುದು ಹೀಗೆ. ಮುಖಕ್ಕೆ ಹಚ್ಚುವ ಯಾವ ಹಿಟ್ಟೂ ನಮಗೆ ಬೇಡ, ದಯವಿಟ್ಟು ಅದನ್ನು ಫಾರ್ವರ್ಡ್ ಮಾಡಬೇಡಿ.

ದೊಡ್ಡವರು ನಾವು ಎರಡು ಮಾತು ಕೇಳಿ ಮರೆಯುತ್ತೇವೆ. ಮಕ್ಕಳು ಹಾಗಲ್ಲ. ಶಾಲೆ ಹೊಸದು, ಬೀದಿ ಹೊಸದು, ಬೆಂಚಿನಲ್ಲಿ ಪಕ್ಕ ಕೂರುವವಳು ಹೊಸಬಳು. ಎಲ್ಲವನ್ನೂ ಕಷ್ಟಪಟ್ಟು ತನ್ನದು ಮಾಡಿಕೊಳ್ಳುತ್ತಿರುವ ಮಗುವಿಗೆ, ಅದು ಪ್ರೀತಿಸುವ ಹಿರಿಯರೇ "ಅದು ಒಳ್ಳೆಯ ಜಾಗ ಅಲ್ಲ" ಅಂದರೆ ಮಗು ಯಾರನ್ನು ನಂಬಬೇಕು? ನಾಳೆ ಗೆಳತಿಯ ಮನೆಗೆ ಹೋಗುವಾಗ ಬಿಸಿಲಿಗೆ ಹೆದರಿ ಕನ್ನಡಿ ನೋಡುತ್ತಾ ನಿಂತರೆ ಅದು ಯಾರು ಹಾಕಿದ ಹೆದರಿಕೆ? ಇದಕ್ಕೇ ನನ್ನ ಸಿಟ್ಟು.

ಹಾಗಾಗಿ ಇನ್ನು ಮೇಲೆ ನನ್ನ ಮಕ್ಕಳ ಮುಂದೆ ಈ ಮಾತು ಬಂದರೆ, ಎಷ್ಟೇ ಹಿರಿಯರಾಗಿರಲಿ, ಅಲ್ಲೇ ಫೋನ್ ತೆಗೆದುಕೊಂಡು ಬೇಡ ಅನ್ನುತ್ತೇನೆ. ಬೇಜಾರಾದರೆ ಆಗಲಿ. ನೋಡಬೇಕು ಅನ್ನಿಸಿದವರು ಬನ್ನಿ. ಹೋಳಿ ಹುಣ್ಣಿಮೆ ಆದಮೇಲೆ ಶರಣಬಸವೇಶ್ವರ ಜಾತ್ರೆ, ತೇರು ಇದೆ, ನಾವೂ ಮೊದಲ ಸಲ ನೋಡುತ್ತೇವೆ. ಬೆಂಗಳೂರಿನಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ಇಲ್ಲಿ. ಮನೆಯಲ್ಲಿ ಹಾಸಿಗೆ ಇದೆ, ಕೂಲರ್ ಇದೆ. ಅತ್ತೆಯ ಅಪ್ಪೆಮಿಡಿ ಜಾಡಿ ತಳ ಕಂಡಿದೆ, ಅರ್ಧ ಅವ್ವನ ಮನೆಗೇ ಹೋಯಿತು. ಬರುವವರು ಅದನ್ನೊಂದು ಹಿಡಿದುಕೊಂಡು ಬನ್ನಿ, ಎರಡು ಮನೆಗೆ ಆಗುವಷ್ಟು.