ಅಜ್ಜ ಬೀದಿಯಲ್ಲಿ, ಮೊಮ್ಮಗ ರೈಡಿನಲ್ಲಿ

ಸ್ಟಾರ್ ವಾರ್ಸ್ ಸಿನಿಮಾಗಳ ಊರಿಗೆ ಹೋಗಿ ಕಪ್ಪು ಮುಖವಾಡದ ಖಳನಾಯಕ ಡಾರ್ತ್ ವೇಡರ್ ಕಾಣದೆ ಬರುವುದೆಂದರೆ ಮದುವೆಮನೆಗೆ ಹೋಗಿ ಹಸಿದು ಬಂದ ಹಾಗೆ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಲ್ಲಿ 2019ರ ಮೇ 31ರಂದು ಗ್ಯಾಲಕ್ಸೀಸ್ ಎಡ್ಜ್ ಎಂಬ ಆ ಊರು ತೆರೆಯಿತು. 14 ಎಕರೆ ಜಾಗ, ಪೂರ್ಣಗಾತ್ರದ ಮಿಲೇನಿಯಂ ಫಾಲ್ಕನ್ ಅಂತರಿಕ್ಷ ನೌಕೆ, ಕುಡಿಯಲು ನೀಲಿ ಹಾಲು, ಎಲ್ಲ ಉಂಟು. ವೇಡರ್, ನಾಯಕರಾದ ಲೂಕ್, ಹಾನ್ ಸೋಲೋ ಮಾತ್ರ ಇರಲಿಲ್ಲ. ಕಾರಣ, ಕಥೆಯಲ್ಲಿ ಅಷ್ಟರೊಳಗೆ ಮೂವರೂ ತೀರಿಕೊಂಡಿದ್ದರು.

ಊರಿನ ಕಾಲವನ್ನು ಎಂಟನೇ ಮತ್ತು ಒಂಬತ್ತನೇ ಸಿನಿಮಾಗಳ ನಡುವೆ ಮೊಳೆ ಹೊಡೆದು ನಿಲ್ಲಿಸಿದ್ದರು. ವೇಡರ್ ಆರನೆಯದರಲ್ಲೇ ಹೋದ, ಹಾನ್ ಏಳರಲ್ಲಿ, ಲೂಕ್ ಎಂಟರಲ್ಲಿ. ಲೆಕ್ಕ ಪಕ್ಕಾ. ಆದರೆ ಬಿಸಿಲಲ್ಲಿ ಕಪ್ಪು ಮುಖವಾಡ ಹಾಕಿ ಬೆವರುತ್ತಾ "ವೇಡರ್ ಎಲ್ಲಿ?" ಅಂತ ಕೇಳುವ ಆರು ವರ್ಷದ ಪೋರನಿಗೆ ಇದನ್ನು ಹೇಳುವವರು ಯಾರು? ಸಿಬ್ಬಂದಿಯೋ ಪಾತ್ರ ಬಿಟ್ಟು ಕದಲುವವರಲ್ಲ. ನಮಸ್ಕಾರಕ್ಕೆ "ಬ್ರೈಟ್ ಸನ್ಸ್", ಫೋನಿಗೆ "ಡೇಟಾಪ್ಯಾಡ್", ಶೌಚಾಲಯಕ್ಕೆ "ರಿಫ್ರೆಶರ್". ಅವಸರದಲ್ಲಿರುವವನು ಮೊದಲು ಪದಕೋಶ ತಿರುವಬೇಕು! ಇಷ್ಟೆಲ್ಲ ಮಡಿ ಮಾಡಿ, ಸತ್ತ ವೇಡರ್‌ನ ಲೈಟ್‌ಸೇಬರ್ ಎಂಬ ಬೆಳಕಿನ ಕತ್ತಿಯ ಹಿಡಿಯನ್ನು ಮಾತ್ರ ಡಾಕ್-ಓಂಡಾರ್‌ನ ಅಂಗಡಿಯಲ್ಲಿ ಮಾರುತ್ತಾರೆ. ಅಲಗಿಗೆ ಬೇರೆ ದುಡ್ಡು. ಕೇಳಿದರೆ, ಅದು ಪುರಾತನ ವಸ್ತುಗಳ ಅಂಗಡಿಯಂತೆ.

2022ರ ನವೆಂಬರಿನಲ್ಲಂತೂ ಮಡಿ ಕೆಟ್ಟೇ ಹೋಯಿತು. ಕಥೆಯಲ್ಲಿ ಸುಮಾರು 25 ವರ್ಷ ಹಿಂದಿನ ಮ್ಯಾಂಡಲೋರಿಯನ್ ಎಂಬ ಯೋಧ, ಹೆಗಲ ಚೀಲದಲ್ಲಿ ದೊಡ್ಡ ಕಿವಿಯ ಹಸಿರು ಮರಿ ಗ್ರೋಗುವನ್ನು ಕೂರಿಸಿಕೊಂಡು ಬೀದಿಗಿಳಿದ. ಆ ಕಿವಿ ಅಲ್ಲಾಡಿದ್ದೇ ತಡ, ಕಾಲಗಣನೆ ಕೇಳುವವರೇ ಇಲ್ಲ. ನಮ್ಮ ದಸರಾ ಗೊಂಬೆ ಮೆಟ್ಟಿಲಲ್ಲಿ ರಾಮನ ಪಕ್ಕ ಕ್ರಿಕೆಟ್ ತಂಡ ನಿಂತರೆ ಯಾವ ಯುಗ ಅಂತ ಯಾರಾದರೂ ಕೇಳಿದ್ದುಂಟೇ?

ಅಭಿಮಾನಿಗಳಿಗೆ ಸಿಟ್ಟು ಬರಿಸಿದ್ದು ಡಿಸ್ನಿಯ ಆಮೇಲಿನ ಪ್ರಕಟಣೆ. 2026ರ ಏಪ್ರಿಲ್ 29ರಿಂದ ಡಿಸ್ನಿಲ್ಯಾಂಡಿನಲ್ಲಿ ಊರಿನ ಕಾಲ ಹಿಂದಕ್ಕೆ ತಿರುಗಿ, ಬೀದಿಗೆ ವೇಡರ್, ಲೂಕ್, ವೇಡರ್‌ನ ಮಗಳು ಲೇಯಾ, ಹಾನ್ ಎಲ್ಲರೂ ಬರುತ್ತಾರೆ; ಕೊನೆಯ ಸಿನಿಮಾಗಳ ನಾಯಕಿ ರೇ ಮಾತ್ರ ಆಚೆ ರೈಸ್ ಆಫ್ ದ ರೆಸಿಸ್ಟೆನ್ಸ್ ರೈಡಿನ ಕಡೆ. ಫ್ಲೋರಿಡಾದಲ್ಲಿರುವ ಇದೇ ಊರಿನಲ್ಲಿ ಹಳೆಯ ಪಂಚಾಂಗವೇ! ಏಳು ವರ್ಷ ಇಸವಿ ಬಾಯಿಪಾಠ ಮಾಡಿ ಮಕ್ಕಳಿಗೆ ಸಮಜಾಯಿಷಿ ಕೊಟ್ಟವರ ಗತಿ?

ರೈಡ್ ಹಾಗೇ ಉಳಿದಿರುವುದರಿಂದ ವೇಡರ್‌ನ ಮೊಮ್ಮಗ ಕೈಲೋ ರೆನ್ ಇನ್ನೂ ಅದರೊಳಗೆ ಕತ್ತಿ ಝಳಪಿಸುತ್ತಾನೆ. ತಂದೆಯನ್ನು ಕೊಂದವನು ಅವನೇ. ಆ ತಂದೆ ಹಾನ್ ಇಲ್ಲೇ ಹೊರಗೆ, ತಾಯಿ ಲೇಯಾ ಇರುವ ಬೀದಿಯಲ್ಲೇ, ಇನ್ನೂ ಹುಟ್ಟದ ಮಗನ ಸುದ್ದಿಯೇ ಇಲ್ಲದೆ ಫೋಟೋಕ್ಕೆ ನಗುತ್ತಿರುತ್ತಾನೆ.