ಏರುಮಡಿಯ ಸುಖವಾಸಿಗಳು

ಹೂಗಿಡಗಳಿಗೆಂದು ಮನುಷ್ಯ ಕಟ್ಟಿಕೊಟ್ಟ ಬಂಗಲೆಗೆ ಏರುಮಡಿ ಎಂದು ಹೆಸರು. ನಾಲ್ಕು ಹಲಗೆ ನಿಲ್ಲಿಸಿಯೋ ಇಟ್ಟಿಗೆ ಜೋಡಿಸಿಯೋ ನೆಲದಿಂದ ಒಂದು, ಒಂದೂವರೆ ಅಡಿ ಎತ್ತರಕ್ಕೆ ಮಣ್ಣು ತುಂಬಿದರೆ ಬಂಗಲೆ ಸಿದ್ಧ. ಉದ್ದ ಎಷ್ಟಾದರೂ ಇರಲಿ, ಅಗಲ ಮಾತ್ರ 4 ಅಡಿ ಮೀರಬಾರದು. ಅದು ಗಿಡದ ಅಳತೆಯಲ್ಲ, ನಮ್ಮ ತೋಳಿನದು. ಯಾವ ಕಡೆಯಿಂದ ಬಗ್ಗಿದರೂ ಕೈ ನಡುಮಧ್ಯಕ್ಕೆ ಎಟುಕಬೇಕು. ಗೋಡೆಗೆ ಒತ್ತಿ ಕಟ್ಟುವುದಾದರೆ 2 ಅಡಿಗೇ ನಿಲ್ಲಿಸುವುದು ಮೇಲು. ಒಳಗೆ ಯಾರೂ ಕಾಲಿಡದ ಕಾರಣ ಮಣ್ಣು ತುಳಿತಕ್ಕೆ ಸಿಕ್ಕಿ ಗಟ್ಟಿಯಾಗುವುದಿಲ್ಲ, ಬೇರಿಗೆ ಹೋದದ್ದೇ ದಾರಿ. ಮಳೆ ಎಷ್ಟು ಹೊಡೆದರೂ ನೀರು ಬಸಿದು ಹೋಗುತ್ತದೆ. ಚಳಿ ಕಳೆಯುತ್ತಿದ್ದಂತೆ ಸುತ್ತಲಿನ ನೆಲಕ್ಕಿಂತ ಮೊದಲು ಬೆಚ್ಚಗಾಗುವುದೂ ಈ ಮಣ್ಣೇ. ಇಷ್ಟು ಸಾಲದೆಂದು ಕಾಂಪೋಸ್ಟು ಬೆರೆಸಿ, ಎರೆಗೊಬ್ಬರ ಉದುರಿಸಿ, ‘ಈಗ ಹೂ ಬಿಡಿ ನೋಡೋಣ’ ಎಂದು ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತೇವೆ.

ಕೆಲವು ಬಿಡುವುದಿಲ್ಲ. ಕಾಸ್ಮಾಸನ್ನೇ ನೋಡಿ. ಬಡ ಮಣ್ಣಿನಲ್ಲಿ ಮೊಣಕಾಲೆತ್ತರಕ್ಕೇ ಗುಲಾಬಿ, ಬಿಳಿ ಬಣ್ಣಗಳಲ್ಲಿ ತೂಗಾಡುವ ಈ ಗಿಡ, ಗೊಬ್ಬರ ತುಂಬಿದ ಮಡಿಗೆ ಬಂದರೆ ಎದೆಮಟ್ಟ ಬೆಳೆಯುತ್ತದೆ. ಸಬ್ಬಸಿಗೆಯಂಥ ಎಳೆ ಎಳೆ ಸೊಪ್ಪು ದಟ್ಟವಾಗಿ ಹಬ್ಬುತ್ತದೆ, ಒಂದು ಜೋರು ಗಾಳಿಗೆ ಮಗ್ಗುಲಾಗುತ್ತದೆ, ಹೂವಿನ ಸುದ್ದಿ ಮಾತ್ರ ಎತ್ತುವುದಿಲ್ಲ. ಆಂಡಿಸ್ ಬೆಟ್ಟಸಾಲಿನ ಕಡೆಯಿಂದ ಬಂದ ನಸ್ಟರ್ಷಿಯಂ ಇನ್ನೂ ಒಂದು ಕೈ ಮೇಲು. ತಪ್ಪಿ ನಾಲ್ಕು ಹೂ ಬಿಟ್ಟರೂ ಅಗಲಗಲ ಎಲೆಗಳ ಅಡಿಯಲ್ಲಿ ಅಡಗಿಸಿಡುತ್ತದೆ. ಸಾರಜನಕ ಧಾರಾಳವಾಗಿ ಸಿಕ್ಕಾಗ ಇಂಥ ಗಿಡಗಳು ಸೊಪ್ಪು ಬೆಳೆಸುವುದರಲ್ಲೇ ಮೈಮರೆಯುತ್ತವೆ. ಹೂವೆಂದರೆ ಗಿಡಕ್ಕೆ ಅಲಂಕಾರವಲ್ಲವಲ್ಲ, ಬೀಜ ಮಾಡುವ ಏರ್ಪಾಡು. ಹೊಟ್ಟೆ ತುಂಬಿದವರಿಗೆ ನಾಳಿನ ಆತುರವೇನು? ಗಾಳಿಗೆ ಹಾರಿ ಕಾಲುದಾರಿಯ ಜಲ್ಲಿಯಲ್ಲಿ ಬಿದ್ದ ಕಾಸ್ಮಾಸಿನ ಬೀಜವೊಂದು ಯಾರ ಆರೈಕೆಯೂ ಇಲ್ಲದೆ ಮೈತುಂಬ ಹೂ ಹೊತ್ತು ನಿಂತದ್ದನ್ನು ಕಂಡಾಗ, ಗೊಬ್ಬರದ ಚೀಲ ಹೊತ್ತ ಬೆನ್ನು ತುಸು ಹೆಚ್ಚೇ ನೋಯುತ್ತದೆ.

ಆದ್ದರಿಂದ ಏರುಮಡಿಗೆ ಹೂ ಆರಿಸುವಾಗ ಬಣ್ಣ, ಪರಿಮಳಗಳ ವಿಚಾರಕ್ಕೆ ಮೊದಲು, ಯಾರಿಗೆ ಸುಖ ತಾಳುತ್ತದೆ ಎಂದು ಕೇಳಿಕೊಳ್ಳುವುದು ವಾಸಿ. ತಮಾಷೆಯೆಂದರೆ ಕಾಸ್ಮಾಸಿನ ತವರು ಮೆಕ್ಸಿಕೋ. ಜೀನಿಯಾ, ಡೇರೆ, ಚೆಂಡು ಹೂಗಳಿಗೂ ಅದೇ ತವರು. ಆದರೂ ಸ್ವಭಾವ ಒಂದೊಂದರದು ಒಂದೊಂದು. ಡೇರೆಗೆ ಹಸಿವು ಜಾಸ್ತಿ ನಿಜ, ಆದರೆ ಅದು ಏರುಮಡಿಯನ್ನು ಮೆಚ್ಚುವುದು ಊಟಕ್ಕಿಂತ ಹೆಚ್ಚಾಗಿ ನೀರು ಬಸಿಯುವ ಗುಣಕ್ಕೆ. ನೀರು ನಿಂತ ಕಡೆ ಅದರ ಗೆಡ್ಡೆ ಸದ್ದಿಲ್ಲದೆ ಕೊಳೆಯುತ್ತದೆ. ಚೆಂಡು ಹೂವಿಗೆ ಎಲ್ಲಿಟ್ಟರೂ ಒಂದೇ. ಮೇಲಾಗಿ ಅದು ಬಿಟ್ಟಿ ಕೂರುವ ಬಿಡಾರದವನಲ್ಲ: ಅದರ ಬೇರಿನಲ್ಲಿರುವ ವಸ್ತುವೊಂದು ಗಿಡಗಳ ಬೇರಿಗೆ ಗಂಟು ಕಟ್ಟಿಸುವ ಮಣ್ಣಿನ ಸಣ್ಣ ಹುಳುಗಳಿಗೆ ಆಗಿಬರುವುದಿಲ್ಲ, ಅಷ್ಟರಮಟ್ಟಿಗೆ ಬಾಡಿಗೆ ಸಂದಾಯವಾಗುತ್ತದೆ.

ನನ್ನನ್ನು ಕೇಳಿದರೆ ಏರುಮಡಿಗೆ ಹೇಳಿ ಮಾಡಿಸಿದ್ದು ಜೀನಿಯಾ. ಬೀಜವನ್ನು ನೇರವಾಗಿ ಮಣ್ಣಿಗೆ ಹಾಕಿದರೆ ಬೆಚ್ಚನೆಯ ದಿನಗಳಲ್ಲಿ ವಾರದೊಳಗೆ ಮೊಳಕೆ, ಹೆಚ್ಚುಕಡಿಮೆ ಎರಡು ತಿಂಗಳಿಗೆ ಹೂ. ಕತ್ತರಿಸಿದಷ್ಟೂ ಕವಲೊಡೆಯುತ್ತದೆ. ಜೋಡಿ ಎಲೆಯ ಮೇಲಕ್ಕೆ ಕತ್ತರಿ ಹಾಕಿದರೆ ಒಂದು ಕೊಂಬೆಯ ಜಾಗದಲ್ಲಿ ಎರಡು ಬರುತ್ತವೆ. ಬಾಡಿದ ಹೂವನ್ನು ಹಾಗೇ ಬಿಟ್ಟರೆ ಬೀಜ ಕಟ್ಟಿ, ಬಂದ ಕೆಲಸ ಮುಗಿಯಿತೆಂದು ಕೈಕಟ್ಟಿ ಕೂರುತ್ತದೆ. ಹಾಗೆ ಕೂರಗೊಡದೆ ಮತ್ತೆ ಮತ್ತೆ ಕತ್ತರಿಸುವುದು ಸ್ವಲ್ಪ ನಿರ್ದಯವೇ, ಆದರೆ ಸುಖದಲ್ಲಿಟ್ಟವರನ್ನು ಎಚ್ಚರವಾಗಿಡಲು ಬೇರೆ ಉಪಾಯವಿಲ್ಲ. ಅದರ ಒಂದೇ ತಕರಾರು, ಇಕ್ಕಟ್ಟು. ಗಿಡಗಳ ನಡುವೆ ಸುಮಾರು ಒಂದು ಅಡಿ ಬಿಡದೆ ಹೋದರೆ ಗಾಳಿಯಾಡದೆ ಎಲೆಗಳಿಗೆಲ್ಲ ಬೂದಿ ರೋಗ. ಒಂದು ಅಡಿ ಎಂದು ಬರೆಯುವುದು ಸುಲಭ. ಎರಡೆಲೆಯ ಸಸಿಗಳು ಅಷ್ಟು ದೂರ ದೂರ ನಿಂತಾಗ ಮಡಿ ಖಾಲಿ ಖಾಲಿ ಕಾಣುತ್ತದೆ, ನಡುವೆ ಇನ್ನೊಂದು ಚುಚ್ಚೋಣವೆಂದು ಕೈ ತುರಿಸುತ್ತದೆ. ಹಲಗೆ ಹೊಡೆದು ಮಣ್ಣಿಗೆ ಗಡಿ ಹಾಕಬಹುದು, ಆಸೆಗೆ ಹಾಕುವ ಹಲಗೆಯನ್ನು ಯಾವ ಬಡಗಿಯೂ ಕೊಯ್ದುಕೊಡುವುದಿಲ್ಲ.

ಸೇವಂತಿಗೆಗೆ ನಮ್ಮ ಉಪಚಾರದ ಹಂಗೇ ಇಲ್ಲ. ಅದು ಎಣಿಸುವುದು ರಾತ್ರಿಯನ್ನು. ಗಿಡಗಳು ಹಗಲಿನ ಉದ್ದ ನೋಡಿ ಹೂ ಬಿಡುತ್ತವೆಂದು ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ಅಮೆರಿಕದ ಇಬ್ಬರು ವಿಜ್ಞಾನಿಗಳು 1920ರಲ್ಲಿ ಪ್ರಕಟಿಸಿದರು. ಅವರಿಗೆ ಆ ಸುಳಿವು ಕೊಟ್ಟದ್ದು ಬೇಸಿಗೆಯಲ್ಲಿ ಹೂ ಬಿಡಲು ಒಪ್ಪದ ಹಟಮಾರಿ ಹೊಗೆಸೊಪ್ಪಿನ ಒಂದು ತಳಿ. ನಿಜವಾಗಿ ಲೆಕ್ಕಕ್ಕೆ ಬರುವುದು ಹಗಲಲ್ಲ, ನಡುವೆ ಬೆಳಕು ಬೀಳದ ಕತ್ತಲೆ ಎಂದು ಆಮೇಲೆ ತಿಳಿಯಿತು. ಹಾಗಾಗಿ ಬೀದಿದೀಪದ ಬುಡದಲ್ಲಿ ಏರುಮಡಿ ಕಟ್ಟಿ ಸೇವಂತಿಗೆ ನೆಟ್ಟವರು ಎಷ್ಟು ಗೊಬ್ಬರ ಸುರಿದರೂ ಹಸಿರು ಪೊದೆಯನ್ನಷ್ಟೇ ನೋಡುತ್ತ ಇರಬೇಕಾದೀತು. ಗಿಡಕ್ಕೆ ಅಲ್ಲಿ ರಾತ್ರಿಯೇ ಆಗಿರುವುದಿಲ್ಲ.

ಎತ್ತರದ ಲೆಕ್ಕವನ್ನು ಬೀಜದ ಪೊಟ್ಟಣಗಳು ಹೇಳುವುದೇ ಇಲ್ಲ. ಅವುಗಳ ಮೇಲೆ ಬರೆದ ಅಡಿ ಅಂಗುಲಗಳೆಲ್ಲ ಗಿಡದವು, ಮಡಿಯದಲ್ಲ. ಒಂದೂವರೆ ಅಡಿಯ ಮಡಿಯಲ್ಲಿ ಆರು ಅಡಿಯ ಸೂರ್ಯಕಾಂತಿ ನಿಂತರೆ ಹೂವು ಹೋಗಿ ಮುಟ್ಟುವುದು ಏಳೂವರೆ ಅಡಿಗೆ. ನಮಗೆ ಸಿಗುವುದು ತೊಟ್ಟಿನ ದರ್ಶನ. ಎಳೆಯ ಗಿಡ ಸೂರ್ಯನ ಹಿಂದೆ ತಲೆ ತಿರುಗಿಸುತ್ತದಾದರೂ ಅರಳಿ ಬಲಿತ ಮೇಲೆ ಪೂರ್ವಕ್ಕೆ ಮುಖ ಮಾಡಿ ನಿಂತುಬಿಡುತ್ತದೆ. ಬೆಳಗಿನ ಬಿಸಿಲಿಗೆ ಬೇಗ ಬೆಚ್ಚಗಾದ ಹೂವಿಗೆ ಜೇನ್ನೊಣ ಹೆಚ್ಚು ಬರುತ್ತವಂತೆ. ಸಂಜೆ ಕುರ್ಚಿ ಹಾಕಿಕೊಳ್ಳುವ ಜಾಗ ಮಡಿಯ ಪಶ್ಚಿಮಕ್ಕಿದ್ದರೆ ಮುಗಿಯಿತು, ಇಡೀ ಕಾಲ ಬೆನ್ನುಗಳನ್ನು ನೋಡುತ್ತ ಕೂರಬೇಕು. ಸಡಿಲ ಮಣ್ಣಿನಲ್ಲಿ ಅಷ್ಟೆತ್ತರದ ಗಿಡಕ್ಕೆ ಊರುಗೋಲೂ ಬೇಕು.

ಏರುಮಡಿಯಿಂದ ನಿಜವಾದ ಲಾಭ ಕುಳ್ಳರಿಗೆ. ನೆಲದಲ್ಲಿದ್ದಾಗ ಯಾರೂ ಬಗ್ಗಿ ನೋಡದ ಪ್ಯಾನ್ಸಿ ಇಲ್ಲಿ ನೇರ ಮುಖಕ್ಕೆ ಮುಖ ಕೊಡುತ್ತದೆ. ಅಲಿಸಮ್ ಅಂಚಿನ ಮೇಲಿಂದ ಚೆಲ್ಲಿಕೊಂಡು, ಜೇನಿನಂಥ ವಾಸನೆಯನ್ನು ಕಟ್ಟೆಯ ಮೇಲೆ ಕೂತವರ ಮೂಗಿಗೇ ತಲುಪಿಸುತ್ತದೆ. ಹಲಗೆಗೆ ತಾಗಿದ ಅಂಚಿನ ಮಣ್ಣು ಎಲ್ಲಕ್ಕಿಂತ ಮೊದಲು ಒಣಗುವುದರಿಂದ ಅಲ್ಲಿಗೆ ಟೇಬಲ್ ರೋಸ್ ಒಳ್ಳೆಯ ಅಳಿಯ: ದಪ್ಪನೆಯ ಎಲೆಗಳಲ್ಲಿ ನೀರು ಕೂಡಿಟ್ಟುಕೊಂಡು, ಬಿಸಿಲೇರಿದ ಮೇಲೆ ಸಾವಕಾಶವಾಗಿ ಅರಳಿ, ನೀರು ಹಾಕಿದಿರಾ ಎಂದು ಕೇಳುವ ಗೋಜಿಗೆ ಹೋಗುವುದಿಲ್ಲ.

ಉಳಿದವರು ಕೇಳುತ್ತಾರೆ. ನೀರು ಬೇಗ ಬಸಿಯುವ ಮಣ್ಣು ಬೇಗ ಒಣಗುತ್ತದೆ ಕೂಡ. ನೆಲದ ಗಿಡ ಆಳಕ್ಕೆ ಬೇರಿಳಿಸಿ ಹೇಗೋ ಸಂಭಾಳಿಸುವ ಬಿರುಬಿಸಿಲಿನಲ್ಲಿ ಬಂಗಲೆಯವರು ಮಧ್ಯಾಹ್ನಕ್ಕೇ ತಲೆ ಬಾಗಿಸುತ್ತಾರೆ. ಬೆರಳನ್ನು ಎರಡು ಅಂಗುಲ ಮಣ್ಣಿಗಿಳಿಸಿ ಪಸೆ ನೋಡುವುದು, ತರಗೆಲೆ ಹೊದಿಸುವುದು, ಕಾಂಪೋಸ್ಟು ಕರಗುತ್ತಾ ಮಣ್ಣು ತಗ್ಗಿದಂತೆ ವರ್ಷವರ್ಷವೂ ಮೇಲೆ ತುಂಬುವುದು, ಇವೆಲ್ಲ ಸೇರಿ ಯಜಮಾನ ಯಾರು, ಆಳು ಯಾರು ಎಂಬ ಅನುಮಾನ ಬರುವುದುಂಟು.

ಈ ಸಲದ ಪಟ್ಟಿಯಲ್ಲಿ ಸೂರ್ಯಕಾಂತಿಯನ್ನು ಹೊಡೆದುಹಾಕಿದ್ದೆ. ಅಕ್ಕನಿಗೆ ಅದು ಸರಿಬರಲಿಲ್ಲ.

“ಅಷ್ಟು ದೊಡ್ಡ ಮಡಿ ಇಟ್ಟುಕೊಂಡು ಒಂದು ಸೂರ್ಯಕಾಂತಿ ಬೇಡ್ವೇನೋ?”

“ಮುಖ ನೋಡೋಕೆ ಏಣಿ ತರಬೇಕಾಗುತ್ತೆ ಕಣಕ್ಕ.”

“ಕುಳ್ಳ ತಳಿ ಇದೆಯಲ್ಲ, ಎರಡು ಅಡಿ ದಾಟಲ್ಲ. ಅದನ್ನ ಹಾಕು.”

ಕುಳ್ಳ ತಳಿಯ ಮೇಲೆ ನನ್ನ ಹತ್ತಿರ ವಾದವೇನೂ ಇರಲಿಲ್ಲ. ಪೂರ್ವದ ಅಂಚಿನಲ್ಲಿ ಅಡಿಗೊಂದರಂತೆ ಕಡ್ಡಿ ಊರಿ ಜಾಗ ಗುರುತು ಮಾಡಿ ಕೊಟ್ಟು ನೀರು ತರಲು ಹೋದೆ. ಬರುವಷ್ಟರಲ್ಲಿ ಅಕ್ಕ ಎರಡು ಕಡ್ಡಿಗಳ ನಡುವೆ ಬೆರಳಿನಿಂದ ತೂತು ಮಾಡುತ್ತಿದ್ದಳು. “ಇದೊಂದೇ ಒಂದು ಕಣೋ, ಪುಟ್ಟದು” ಎಂದಳು, ತಲೆಯೆತ್ತದೆ.